ಮಗಳು ಎಂಬ ಹಾಳೆ

ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ನಾನು ದೇವರ ಮುಂದೆ ದೀಪ ಹಚ್ಚುತ್ತೇನೆ. ನನ್ನ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಆ ವಾರ ತಾನು ಏನೇನು ಮಾಡಿದೆ ಎಂದು ಜೊತೆಯಲ್ಲಿ ಕೆಲಸ ಮಾಡುವವರಿಗೆಲ್ಲ ಇ-ಮೇಲ್ ಬರೆಯುತ್ತಾಳೆ. ನನ್ನ ಕೆಲಸಕ್ಕೆ ಐದು ನಿಮಿಷ ಸಾಕು. ಅವಳ ಹದಿನೈದು ಸಾಲಿಗೆ ಒಂದೂವರೆ ಗಂಟೆ ಬೇಕು. ಬರೆಯುತ್ತಾಳೆ, ಅಳಿಸುತ್ತಾಳೆ, ಕಾಫಿ ಕೇಳುತ್ತಾಳೆ, ಮತ್ತೆ ಬರೆಯುತ್ತಾಳೆ.

"ಮಾಡಿದ ಕೆಲಸ ಬರೆಯೋಕೆ ಇಷ್ಟು ಒದ್ದಾಟ ಯಾಕೇ?" ಎಂದು ಒಂದು ದಿನ ಕೇಳಿದೆ.

"ಮಾಡಿದ್ದು ಬರೆಯೋದು ಸುಲಭ ಅಮ್ಮ. ಆಗದೇ ಇರೋದನ್ನ ಹೇಗೆ ಬರೀಲಿ ಅಂತ ಗೊತ್ತಾಗ್ತಿಲ್ಲ" ಎಂದಳು.

ಅವಳ ಕಚೇರಿಯಲ್ಲಿ ಪ್ರತಿ ಕೆಲಸದ ಮುಂದೆ ಒಂದು ಬಣ್ಣ ಹಾಕಬೇಕಂತೆ. ಎಲ್ಲ ಸರಿಯಿದ್ದರೆ ಹಸಿರು, ಸ್ವಲ್ಪ ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಕೆಂಪು ಹಾಕಿದವರನ್ನು ಕರೆದು ಪ್ರಶ್ನೆ ಕೇಳುತ್ತಾರೆಂದು ಎಲ್ಲರೂ ಹಸಿರನ್ನೇ ಹಾಕುತ್ತಾರೆ. ಅಂಥ ವರದಿಗೆ ಅವರಲ್ಲೇ ಒಂದು ಅಡ್ಡಹೆಸರಿದೆಯಂತೆ: ಕಲ್ಲಂಗಡಿ. ಹೊರಗೆ ಹಸಿರು, ಕೊಯ್ದರೆ ಕೆಂಪು. ನಾನು ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ನಮ್ಮ ಕಾಲದ ಕಾಗದಗಳನ್ನು ನೀವು ನೆನಪಿಸಿಕೊಳ್ಳಿ. ಮನೆಯಲ್ಲಿ ಏನೇ ಆಗಿರಲಿ, ಮೊದಲ ಸಾಲು 'ಕ್ಷೇಮ, ಉಭಯ ಕುಶಲೋಪರಿ'. ಬಳಿಕ ಮಳೆ, ಬೆಳೆ, ಕರು ಹಾಕಿದ ಹಸು. ಇನ್‌ಲ್ಯಾಂಡ್ ಲೆಟರು ತುಂಬಿದ ಮೇಲೆ, ಅಂಟು ಹಚ್ಚಿ ಮಡಿಸುವ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅಮ್ಮ ಬರೆಯುತ್ತಿದ್ದಳು: 'ನಿನ್ನ ಅಪ್ಪನಿಗೆ ಮೊದಲಿನಂತೆ ಊಟ ಸೇರುತ್ತಿಲ್ಲ. ಬಿಡುವಾದರೆ ಬಂದು ಹೋಗು.' ಗಂಡನ ಮನೆಯಲ್ಲಿ ಕಾಗದವನ್ನು ಎಲ್ಲರೂ ಓದುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ನಡುವಿನ ಹಾಳೆ ಎಲ್ಲರಿಗೆ, ಅಂಚು ಮಗಳಿಗೆ. ಕಾಗದ ಕೈಗೆ ಬಂದೊಡನೆ ನಾನು ಮೊದಲು ಓದುತ್ತಿದ್ದದ್ದು ಅಂಚನ್ನೇ.

ಕೆಲಸದ ಒಕ್ಕಣೆಗೂ ಹೀಗೆ ಎರಡು ಭಾಗ ಮಾಡುವ ಪದ್ಧತಿ ಬಹಳ ಹಳೆಯದು. ಇಗ್ನೇಷಿಯಸ್ ಲೊಯೋಲಾ ಸ್ಥಾಪಿಸಿದ ಏಸುಸಭೆಗೆ 1540ರಲ್ಲಿ ಪೋಪರ ಮನ್ನಣೆ ಸಿಕ್ಕಿತು. ಅದರ ಸದಸ್ಯರು ಬೇಗನೆ ದೇಶದೇಶಗಳಿಗೆ ಚದುರಿದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯಲು ಕಾಗದ ಬಿಟ್ಟರೆ ದಾರಿಯಿಲ್ಲ. ಬಂದ ಕಾಗದಗಳಲ್ಲಿ ಒಳ್ಳೆಯ ಸುದ್ದಿ, ಜಗಳ, ದೂರು, ಕಾಯಿಲೆ ಎಲ್ಲ ಕಲಸುಮೇಲೋಗರವಾಗಿರುತ್ತಿತ್ತು. ಕಾಗದವನ್ನು ಹಿತೈಷಿಗಳು ನೋಡಲು ಕೇಳಿದರೆ ತೋರಿಸುವಂತಿರಲಿಲ್ಲ. 1542ರ ಡಿಸೆಂಬರ್ 10ರಂದು ಇಗ್ನೇಷಿಯಸ್ ತನ್ನ ಮೊದಲ ಸಂಗಾತಿಗಳಲ್ಲಿ ಒಬ್ಬನಾದ ಪೀಟರ್ ಫೇಬರ್‌ಗೆ ಈ ವಿಷಯವಾಗಿ ಬರೆದ. ಮುಖ್ಯ ಕಾಗದವನ್ನು ಯಾರಿಗಾದರೂ ತೋರಿಸುವಂತೆ ಬರೆಯಬೇಕು. ಒಮ್ಮೆ ಬರೆದು, ತಿದ್ದಿ, ಮತ್ತೆ ಬರೆಯಬೇಕು. ತಾನೂ ಹಾಗೇ ಮಾಡುತ್ತೇನೆ ಎಂದ. ಉಳಿದ ವಿಷಯಗಳು, ಎಂದರೆ ಮನಸ್ಸಿನಲ್ಲಿರುವುದು, ಸರಿಹೋಗದ್ದು, ಬೇರೆ ಹಾಳೆಯಲ್ಲಿ ಬರಲಿ ಎಂದ.

ಆ ಬೇರೆ ಹಾಳೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ಅವರು ಬಳಸಿದ ಮಾತು 'ಇಹ್ವೇಲಾ'. ದೊಡ್ಡದರ ಜೊತೆ ಸೇರಿಸಿದ ಸಣ್ಣ ತುಂಡು ಎಂದು ಅದರ ಅರ್ಥ. ಆದರೆ ಪದದ ಮೂಲ ಹುಡುಕಿದರೆ ಅದು 'ಪುಟ್ಟ ಮಗಳು'. ಇದು ತಿಳಿದ ದಿನ ಅಮ್ಮನ ಇನ್‌ಲ್ಯಾಂಡಿನ ಅಂಚು ಕಣ್ಣಮುಂದೆ ಬಂತು.

ಈ ಎರಡು ಬಗೆಯ ಒಕ್ಕಣೆಯೂ ನಮ್ಮ ದಕ್ಷಿಣದ ಕಡಲ ತೀರದಿಂದಲೇ ಹೋಗಿದೆ. ಫ್ರಾನ್ಸಿಸ್ ಕ್ಸೇವಿಯರ್ 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದು, ಅದೇ ವರ್ಷ ತಮಿಳುನಾಡಿನ ಮುತ್ತಿನ ತೀರಕ್ಕೆ ಹೋದ. 1544ರ ಜನವರಿಯಲ್ಲಿ ಕೊಚ್ಚಿಯಿಂದ ಅವನು ರೋಮಿಗೆ ಬರೆದ ಕಾಗದ ಯುರೋಪಿನಲ್ಲೆಲ್ಲ ಓಡಾಡಿತು. 1545ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚೂ ಆಯಿತು. ದೀಕ್ಷೆ ಕೊಟ್ಟು ಕೊಟ್ಟು ತೋಳು ಸೋತುಹೋಗುತ್ತದೆ, ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹುಚ್ಚನಂತೆ ಕೂಗಿ ಹೇಳಬೇಕೆನಿಸುತ್ತದೆ ಎಂಬಂಥ ಮಾತುಗಳು ಅದರಲ್ಲಿವೆ. ಅದು ತೋರಿಸುವ ಕಾಗದ.

ಅದೇ 1544ರಲ್ಲಿ, ಅದೇ ತೀರದಲ್ಲಿ ತನ್ನ ಜೊತೆ ದುಡಿಯುತ್ತಿದ್ದ ಫ್ರಾನ್ಸಿಸ್ಕೊ ಮನ್ಸಿಲ್ಯಾಸ್ ಎಂಬವನಿಗೆ ಅವನು ಮೇಲಿಂದ ಮೇಲೆ ಚಿಕ್ಕ ಚಿಕ್ಕ ಕಾಗದ ಬರೆದ. ಮಣಪಾಡು, ಪುನ್ನೈಕಾಯಲ್, ತೂತುಕುಡಿ ಹೀಗೆ ಇದ್ದಲ್ಲಿಂದಲೇ ಬರೆದದ್ದು. ಓದಿದರೆ ನನ್ನ ಮಗಳ ಇ-ಮೇಲಿನಂತೆಯೇ ಇವೆ. ಜನರ ಮೇಲೆ ಸಿಟ್ಟಾಗಬೇಡ, ಕೆಟ್ಟ ಮಕ್ಕಳನ್ನೂ ಒಳ್ಳೆಯ ತಂದೆ ಸಹಿಸುವ ಹಾಗೆ ಸಹಿಸು. ಅಲ್ಲಿನ ಸುದ್ದಿಯನ್ನು ವಿವರವಾಗಿ ಬರಿ. ಸಾರಾಯಿ ಕುಡಿಯುವ ಹೆಂಗಸರಿಗೆ ಇಂಥ ದಂಡ ಹಾಕಿಸು. ಈ ಕೊನೆಯದನ್ನು ಓದಿ ನನಗೆ ಸಿಟ್ಟೇ ಬಂತು. ಕುಡಿಯುವ ಗಂಡಸರು ಎಲ್ಲಿ ಹೋದರೋ ಎಂದುಕೊಂಡೆ. ಆ ವರ್ಷ ಆ ತೀರದ ಮೇಲೆ 'ಬಡಗ'ರ ದಂಡು ಬಿತ್ತು. ಬಡಗು ದಿಕ್ಕಿನಿಂದ, ವಿಜಯನಗರದ ಕಡೆಯಿಂದ ಬಂದವರಾದ್ದರಿಂದ ಆ ಹೆಸರು. ಬೆಸ್ತರ ಸಂಸಾರಗಳು ಓಡಿಹೋಗಿ ಕನ್ಯಾಕುಮಾರಿಯ ಬಂಡೆಗಳ ಮೇಲೆ ಹಸಿವು ಬಾಯಾರಿಕೆಯಿಂದ ಸಾಯುತ್ತಿದ್ದವು. ಇಪ್ಪತ್ತು ದೋಣಿಗಳೊಂದಿಗೆ ನೆರವಿಗೆ ಹೊರಟೆ, ಎದುರು ಗಾಳಿ ಬಿಡಲಿಲ್ಲ, ತಲುಪಲಾಗಲಿಲ್ಲ ಎಂದು ಕ್ಸೇವಿಯರ್ ಬರೆಯುತ್ತಾನೆ. ಪೋರ್ಚುಗೀಸ್ ಅಧಿಕಾರಿಗಳೇ ಜನರನ್ನು ಪೀಡಿಸುವುದನ್ನು ನೋಡಿ ಬೇಸತ್ತು, ಎಲ್ಲಾದರೂ ದೂರ ಹೊರಟುಹೋಗಬೇಕೆನಿಸುತ್ತದೆ ಎಂದೂ ಬರೆಯುತ್ತಾನೆ.

ಆ ವರ್ಷ ಆ ತೀರದಲ್ಲಿ ಜನ ಹೇಗೆ ಬದುಕಿದರು ಎಂದು ತಿಳಿಯಲು ಅಚ್ಚಾದ ಕಾಗದ ಸಾಲದು. ಜೊತೆಗಾರನಿಗೆ ಬರೆದ ಈ ಚೀಟಿಗಳೇ ಬೇಕು.

ಕನ್ನಡ ನಾಡಿನ ಮಟ್ಟಿಗೂ ಅಂಥ ಒಂದು ದಿನದಿನದ ವರದಿ ಇದೆ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ. ಕಂಡದ್ದನ್ನು ಅಂದಂದೇ ಬರೆದಿಟ್ಟ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಕಂಪನಿಯವರಿಗೆ ಬೇಕಾದದ್ದು ಬೆಳೆ, ಸರಕು, ಕಂದಾಯದ ಲೆಕ್ಕ. ಆದರೆ ದಿನವೂ ಬರೆಯುವ ಕೈಗೆ ಕೇಳದೆ ಇದ್ದದ್ದೂ ಸಿಕ್ಕುತ್ತದೆ. ವಾರದ ಸಂತೆಯಲ್ಲಿ ಬಡ ಹೆಂಗಸರು ಸ್ವಲ್ಪ ಸ್ವಲ್ಪ ಅರಳೆ ಕೊಂಡು, ಮನೆಯಲ್ಲಿ ನೂತು, ನೂಲನ್ನು ಮತ್ತೆ ಸಂತೆಯಲ್ಲೇ ನೇಕಾರರಿಗೆ ಮಾರುತ್ತಾರೆ, ಬ್ರಾಹ್ಮಣರನ್ನು ಬಿಟ್ಟು ಎಲ್ಲ ಜಾತಿಯ ಹೆಂಗಸರೂ ನೂಲುತ್ತಾರೆ ಎಂದು ಅವನು ಗುರುತು ಮಾಡಿದ್ದಾನೆ. ಒಬ್ಬಳ ಹೆಸರೂ ಅಲ್ಲಿಲ್ಲ. ಆದರೂ ಇನ್ನೂರು ವರ್ಷದ ಹಿಂದೆ ನಮ್ಮ ಅಜ್ಜಿಯರ ಅಜ್ಜಿಯರು ಕೈಯಲ್ಲಿ ನಾಲ್ಕು ಕಾಸು ಹೇಗೆ ಕಂಡರು ಎಂಬುದಕ್ಕೆ ಅದೊಂದು ಸಾಕ್ಷಿ.

ಇನ್ನು ನನ್ನ ಸರದಿ. ಕನ್ನಡ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿ ನಾನು 1981ರಲ್ಲಿ ಒಂದು ಕಚೇರಿಗೆ ಟೈಪಿಸ್ಟಾಗಿ ಸೇರಿದೆ. ಯಾವ ಕಚೇರಿ, ಯಾವ ಊರು ಎಂದು ಹೇಳುವುದಿಲ್ಲ. ತಿಂಗಳ ಕೊನೆಗೆ ಪ್ರಗತಿ ವರದಿ. ಒಂದು ಮೂಲ ಪ್ರತಿ, ನಾಲ್ಕು ಕಾರ್ಬನ್ ಪ್ರತಿ. ಐದು ಹಾಳೆಯ ನಡುವೆ ನಾಲ್ಕು ಮಸಿಕಾಗದ ಜೋಡಿಸಿ, ಅಂಚು ಕುಟ್ಟಿ ಸಮ ಮಾಡಿ, ರೋಲರಿಗೆ ಸಿಕ್ಕಿಸಿ ಬಲವಾಗಿ ಹೊಡೆಯಬೇಕು. ಐದನೆಯ ಪ್ರತಿಯಲ್ಲಿ ಅಕ್ಷರ ಮಂಜಿನಂತೆ ಕಾಣುತ್ತಿತ್ತು. ಒಂದಕ್ಷರ ತಪ್ಪಿದರೆ ಐದೂ ಕಡೆ ರಬ್ಬರ್ ಆಡಿಸಬೇಕು. ಮನೆಗೆ ಬಂದು ಅನ್ನಕ್ಕೆ ಕೈ ಹಾಕಿದರೆ ಉಗುರಿನ ಸಂದಿಯಲ್ಲಿ ನೀಲಿ.

ಇವತ್ತಿನ ಇ-ಮೇಲಿನಲ್ಲಿ 'ಸಿಸಿ' ಎಂದಿರುತ್ತದಲ್ಲ, ಅದು ಈ ಕಾರ್ಬನ್ ಕಾಪಿಯೇ. ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ. ಇಂಗ್ಲೆಂಡಿನಲ್ಲಿ ರಾಲ್ಫ್ ವೆಡ್ಜ್‌ವುಡ್ 1806ರಲ್ಲಿ ಇಂಥ ಕಾಗದಕ್ಕೆ ಪೇಟೆಂಟ್ ಪಡೆದ. ಸುಮಾರು ಅದೇ ಹೊತ್ತಿಗೆ ಇಟಲಿಯಲ್ಲಿ ಪೆಲ್ಲೆಗ್ರಿನೊ ತುರ್ರಿ ಎಂಬವನು ಕಣ್ಣು ಕಳೆದುಕೊಂಡಿದ್ದ ಕರೊಲಿನಾ ಫಂತೋನಿ ಎಂಬ ಕೌಂಟೆಸ್‌ಗಾಗಿ ಬರೆಯುವ ಯಂತ್ರವೊಂದನ್ನು ಒದಗಿಸಿದ. ಅದಕ್ಕೆ ಶಾಯಿಯ ಬದಲು ಮಸಿ ಹಚ್ಚಿದ ಕಾಗದ. ಹೇಳಿ ಬರೆಸುವ ಹಂಗಿಲ್ಲದೆ, ಮೂರನೆಯವರಿಗೆ ತಿಳಿಯದೆ, ತನ್ನ ಮಾತನ್ನು ತಾನೇ ಬರೆಯಲು ಅವಳಿಗೆ ಸಾಧ್ಯವಾಯಿತು. ಆ ಯಂತ್ರ ಇವತ್ತು ಇಲ್ಲ. ಅವಳ ಕೆಲವು ಕಾಗದಗಳು ಉಳಿದಿವೆ. ಒಬ್ಬ ಹೆಣ್ಣಿಗೆ ತನ್ನ ಮಾತು ತಾನೇ ಬರೆಯಲು ನೆರವಾದ ಅದೇ ಮಸಿಕಾಗದದಲ್ಲಿ ನಾನು ಮೂವತ್ತು ವರ್ಷ ಬೇರೆಯವರ ಮಾತನ್ನು ಟೈಪ್ ಮಾಡಿದೆ.

1987ರ ಬೇಸಿಗೆ. ಪ್ರಗತಿ ವರದಿಯ ನಮೂನೆಯಲ್ಲಿ 'ಸುಸ್ಥಿತಿಯಲ್ಲಿರುವ ಕೊಳವೆ ಬಾವಿಗಳು' ಎಂದೊಂದು ಕಾಲಮ್ಮು. ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ ತನ್ನ ಲೆಕ್ಕಪಟ್ಟಿಯ ಹಿಂದೆ, ನೋಟುಬುಕ್ಕಿನಿಂದ ಹರಿದ ಗೀಟಿನ ಹಾಳೆಯೊಂದನ್ನು ಗುಂಡುಸೂಜಿ ಚುಚ್ಚಿ ಕಳಿಸಿದ್ದಳು. ಊರಿನ ಕೈಪಂಪು ಕೆಟ್ಟಿದೆ ಎಂಬುದು ಅದರ ಸಾರ. ನಾನು ಆ ಕಾಲಮ್ಮಿನಲ್ಲಿ ಒಂದು ಕಡಿಮೆ ಮಾಡಿ, ಹಾಳೆಯನ್ನು ವರದಿಗೆ ಲಗತ್ತಿಸಿ ಮೇಲಿನವರ ಮುಂದಿಟ್ಟೆ. ಅವರು ಕೆಟ್ಟವರಲ್ಲ. ಹಬ್ಬಕ್ಕೆ ನಮಗೆಲ್ಲ ಸಿಹಿ ಹಂಚುವಂಥ ಮನುಷ್ಯ. "ನಮೂನೆಯಲ್ಲಿ ಇದಕ್ಕೆ ಜಾಗವೇ ಇಲ್ಲವಲ್ಲಮ್ಮ. ಹೋದ ತಿಂಗಳ ಸಂಖ್ಯೆಯೇ ಇರಲಿ, ಇಲ್ಲದಿದ್ದರೆ ಮೇಲಿನಿಂದ ಪ್ರಶ್ನೆ ಬರುತ್ತೆ. ಪಂಪಿನ ವಿಷಯ ಬೇರೆಯಾಗಿ ನೋಡೋಣ" ಎಂದರು.

ನಾನು ಗುಂಡುಸೂಜಿ ಕಿತ್ತೆ. ಹಾಳೆಯನ್ನು ನನ್ನ ಮೇಜಿನ ಡ್ರಾಯರಿಗೆ ಹಾಕಿದೆ. ಹೊಸ ಹಾಳೆಗಳನ್ನು ಜೋಡಿಸಿಕೊಂಡು ಹೋದ ತಿಂಗಳ ಸಂಖ್ಯೆಯನ್ನೇ ಹೊಡೆದು, ಕೆಳಗೆ ಎಂದಿನಂತೆ 'ಪ್ರಗತಿ ತೃಪ್ತಿಕರವಾಗಿದೆ' ಎಂದು ಮುಗಿಸಿದೆ. ಬೇರೆಯಾಗಿ ಯಾರೂ ನೋಡಲಿಲ್ಲ. ಮುಂದಿನ ತಿಂಗಳು ಆ ಊರಿನಲ್ಲಿ ವಾಂತಿಭೇದಿ ಹರಡಿತು. ಒಂದು ಮಗು ಉಳಿಯಲಿಲ್ಲ. ಆ ಹಾಳೆ ಹೋಗಿದ್ದರೆ ಪಂಪು ರಿಪೇರಿಯಾಗುತ್ತಿತ್ತೆ? ಆಗದೆಯೂ ಇರಬಹುದು. ಆದರೆ ಹಾಳೆ ನನ್ನ ಡ್ರಾಯರಿನಲ್ಲಿತ್ತು. ಅದನ್ನು ಅಲ್ಲಿ ಇಟ್ಟದ್ದು ನನ್ನ ಕೈ.

ಇಂಥ ಕೈಗಳು ನಮ್ಮಂಥ ಸಣ್ಣ ಕಚೇರಿಗಳಲ್ಲಿ ಮಾತ್ರ ಇರುತ್ತವೆ ಎಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ ಓದುತ್ತಾ ಹೋದಂತೆ ಬೇರೆಯದೇ ತಿಳಿಯಿತು. ಅಮೆರಿಕದಲ್ಲಿ ಅಲಬಾಮಾ ಸಂಸ್ಥಾನದ ಹಂಟ್ಸ್‌ವಿಲ್ ಎಂಬ ಊರಿನಲ್ಲಿ ನಾಸಾದ ಮಾರ್ಷಲ್ ಕೇಂದ್ರವಿದೆ. ಚಂದ್ರನತ್ತ ಮನುಷ್ಯರನ್ನು ಹೊತ್ತ ಸ್ಯಾಟರ್ನ್ ರಾಕೆಟ್ಟನ್ನು ರೂಪಿಸಿದ್ದು ಅಲ್ಲಿಯೇ. 1960ರಿಂದ 1970ರವರೆಗೆ ಅದರ ಮುಖ್ಯಸ್ಥನಾಗಿದ್ದವನು ವೆರ್ನರ್ ಫಾನ್ ಬ್ರೌನ್. ಅವನು ವಿಭಾಗಗಳ ಮುಖ್ಯರಿಂದ, ಸುಮಾರು ಎರಡು ಡಜನ್ ಜನರಿಂದ, ಪ್ರತಿ ಸೋಮವಾರ ಒಂದು ಟಿಪ್ಪಣಿ ಕೇಳುತ್ತಿದ್ದ. ಒಂದೇ ಪುಟ. ಮೇಲೆ ಹೆಸರು, ತಾರೀಖು. ಅಷ್ಟು ಬಿಟ್ಟರೆ ಯಾವ ನಮೂನೆಯೂ ಇಲ್ಲ, ಕಾಲಮ್ಮೂ ಇಲ್ಲ. ಈ ವಾರ ಏನಾಯಿತು, ಎಲ್ಲಿ ತೊಡಕು, ಇಷ್ಟೇ.

ಅವನು ಪ್ರತಿಯೊಂದನ್ನೂ ಓದಿ ಅಂಚಿನಲ್ಲಿ ಕೈಯಿಂದ ಬರೆಯುತ್ತಿದ್ದ: ಪ್ರಶ್ನೆ, ಸಲಹೆ, ಶಹಬ್ಬಾಸು. ಆಮೇಲೆ ಅಂಚಿನ ಬರಹ ಸಮೇತ ಎಲ್ಲ ಟಿಪ್ಪಣಿಗಳ ಪ್ರತಿ ತೆಗೆಸಿ, ಬರೆದವರೆಲ್ಲರಿಗೂ ಇಡೀ ಕಟ್ಟನ್ನು ಹಿಂದಕ್ಕೆ ಕಳಿಸುತ್ತಿದ್ದ. ಇಂಜಿನ್ನಿನವನ ತೊಡಕು ಟ್ಯಾಂಕಿನವನಿಗೆ ತಿಳಿಯುತ್ತಿತ್ತು, ಟ್ಯಾಂಕಿನವನಿಗೆ ಬಂದ ಸಲಹೆ ತಂತಿ ಜೋಡಿಸುವವನಿಗೆ ತಿಳಿಯುತ್ತಿತ್ತು. 1967ರಲ್ಲಿ ಅಲ್ಲಿ ಅಧ್ಯಯನ ಮಾಡಿದ ಫಿಲಿಪ್ ಟಾಂಪ್ಕಿನ್ಸ್ ಎಂಬ ವಿದ್ವಾಂಸ ಈ ಸೋಮವಾರದ ಟಿಪ್ಪಣಿಗಳನ್ನು ತುಂಬ ಮೆಚ್ಚಿ ಬರೆದಿದ್ದಾನೆ. ಇನ್ನೊಂದು ಪ್ರಸಂಗವೂ ಪ್ರಸಿದ್ಧ. ಹಾರಿಸಿದ ರಾಕೆಟ್ಟೊಂದು ಹಾಳಾದಾಗ, ಹಾರಿಸುವ ಮುನ್ನ ಪರೀಕ್ಷೆ ಮಾಡುವಾಗ ತನ್ನಿಂದ ವಿದ್ಯುತ್ ಸಂಪರ್ಕದಲ್ಲಿ ತಪ್ಪಾಗಿರಬಹುದು ಎಂದು ಒಬ್ಬ ಇಂಜಿನಿಯರ್ ತಾನಾಗಿ ಬಂದು ಹೇಳಿದ. ಫಾನ್ ಬ್ರೌನ್ ಅವನಿಗೆ ಒಂದು ಬಾಟಲಿ ಶಾಂಪೇನ್ ಕಳಿಸಿದ.

ಹಾಗೆಂದು ಅವನನ್ನು ನಾನು ದೇವರ ಮಂಟಪದಲ್ಲಿ ಕೂರಿಸಲಾರೆ. ಹಿಟ್ಲರನ ಜರ್ಮನಿಯಲ್ಲಿ ಅವನು ರೂಪಿಸಿದ ವಿ-2 ರಾಕೆಟ್ಟನ್ನು ಮಿಟ್ಟೆಲ್‌ಬೌ-ಡೋರಾ ಶಿಬಿರದ ಕೈದಿಗಳಿಂದ ಗುಲಾಮರಂತೆ ದುಡಿಸಿ ಮಾಡಿಸಿದರು. ಸಾವಿರಾರು ಜನ ಅಲ್ಲಿ ಸತ್ತರು. ಅದು ಅವನಿಗೆ ಗೊತ್ತಿತ್ತು. ಅಮೆರಿಕದಲ್ಲಿ ಅವನ ಕೀರ್ತಿ ಹಾಡಿದ ಬರಹಗಳಲ್ಲಿ ಆ ಹಾಳೆ ಬಹುಕಾಲ ಇರಲೇ ಇಲ್ಲ. ಬೇರೆಯವರಿಂದ ನಿಜವನ್ನು ಬರೆಸಿಕೊಳ್ಳಲು ಬಲ್ಲವನ ಡ್ರಾಯರಿನಲ್ಲೂ ಕಿತ್ತಿಟ್ಟ ಹಾಳೆಗಳಿದ್ದವು.

ಅವನು ಹೊರಟುಹೋದ ಮೇಲೆ ಆ ಪದ್ಧತಿಯ ಜೀವ ಕುಗ್ಗಿತು. ಮುಂದಿನದು ನಿಮಗೂ ನೆನಪಿರಬಹುದು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಸಿಡಿದು ಏಳು ಜನ ಸತ್ತರು. ಅವರಲ್ಲಿ ಇಂಜಿನಿಯರ್ ಜುಡಿತ್ ರೆಸ್ನಿಕ್, ಶಾಲೆಯ ಮೇಡಂ ಕ್ರಿಸ್ಟಾ ಮೆಕಾಲಿಫ್ ಇಬ್ಬರು ಹೆಂಗಸರು. ಪಕ್ಕದ ರಾಕೆಟ್ಟಿನ ಭಾಗಗಳ ಸಂದನ್ನು ಮುಚ್ಚುವ ರಬ್ಬರ್ ಬಳೆ ಚಳಿಗೆ ಬಿರುಸಾಗಿ ಕೆಲಸ ಮಾಡಲಿಲ್ಲ. ಈ ಬಳೆಯ ಭಯ ಹೊಸದಲ್ಲ. ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರ್ ರಾಬರ್ಟ್ ಎಬೆಲಿಂಗ್ 1985ರ ಅಕ್ಟೋಬರಿನಲ್ಲಿ ಮೇಲಿನವರಿಗೆ ಬರೆದ ಟಿಪ್ಪಣಿಯ ಮೊದಲ ಪದವೇ 'ಹೆಲ್ಪ್'. ಹಾರಿಸುವ ಹಿಂದಿನ ರಾತ್ರಿಯೂ ಅವನು ಮತ್ತು ಸಂಗಡಿಗರು ಬೇಡವೆಂದು ವಾದಿಸಿದರು. ತನಿಖಾ ಆಯೋಗ ಹೇಳಿದ ಮುಖ್ಯ ಮಾತುಗಳಲ್ಲಿ ಇದೂ ಒಂದು: ಆ ವಿರೋಧ ಕೊನೆಯ ತೀರ್ಮಾನ ಮಾಡುವವರ ಮೇಜಿಗೆ ತಲುಪಲೇ ಇಲ್ಲ. ನಡುವೆ ಯಾವುದೋ ಕೈ ಗುಂಡುಸೂಜಿ ಕಿತ್ತಿತ್ತು.

ಎಬೆಲಿಂಗ್ ಹೇಳಬೇಕಾದದ್ದನ್ನು ಹೇಳಿದ್ದ. ಆದರೂ ಇನ್ನಷ್ಟು ಗಟ್ಟಿಯಾಗಿ ಹೇಳಬಹುದಿತ್ತು ಎಂದು ಮೂವತ್ತು ವರ್ಷ ಕೊರಗಿದ. 2016ರಲ್ಲಿ ರೇಡಿಯೋದವರ ಮುಂದೆ ಅದನ್ನು ಹೇಳಿಕೊಂಡಾಗ, ಕೇಳಿದ ಅಪರಿಚಿತರು ನೂರಾರು ಕಾಗದ ಬರೆದು ಸಮಾಧಾನ ಹೇಳಿದರು. ಅದೇ ಮಾರ್ಚಿನಲ್ಲಿ ಅವನು ತೀರಿಕೊಂಡ. ಹೇಳಿದವನಿಗೇ ಇಷ್ಟು ಸಂಕಟವಾದರೆ, ಹೇಳಲು ಬಂದ ಹಾಳೆಯನ್ನು ತೆಗೆದಿಟ್ಟವಳ ಪಾಡು ನೀವೇ ಊಹಿಸಿಕೊಳ್ಳಿ.

ಹೋದ ಶುಕ್ರವಾರ ಇದನ್ನೆಲ್ಲ ಮಗಳಿಗೆ ಹೇಳಿದೆ. ಹಳ್ಳಿಯ ಪಂಪಿನ ವಿಷಯವನ್ನು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಸುಮ್ಮನೆ ಕೇಳಿದಳು. ಆಮೇಲೆ ಇ-ಮೇಲಿನ ಕೆಳಗೆ ಮೂರು ಸಾಲು ಸೇರಿಸಿದಳು: ಈ ಕೆಲಸ ಎರಡು ವಾರದಿಂದ ಮುಂದೆ ಹೋಗಿಲ್ಲ, ಕಾರಣ ಇದು, ನನಗೆ ಯಾರಾದರೂ ನೆರವಾಗಬಲ್ಲಿರಾ. ಬಣ್ಣವನ್ನು ಕೆಂಪು ಮಾಡಿ ಕಳಿಸಿದಳು. ಬೈಗುಳ ಬರುತ್ತದೋ ಎಂದು ಅವಳಿಗಿಂತ ನಾನೇ ಹೆಚ್ಚು ಹೆದರಿದೆ. ರಾತ್ರಿ ಒಂಬತ್ತಕ್ಕೆ ಪುಣೆಯ ಹುಡುಗಿಯೊಬ್ಬಳ ಉತ್ತರ ಬಂತು. ಅವಳದ್ದೂ ಅಲ್ಲೇ ಸಿಕ್ಕಿಕೊಂಡಿತ್ತಂತೆ, ನಾಲ್ಕು ವಾರದಿಂದ. ಅವಳು ಹಸಿರು ಹಾಕುತ್ತಿದ್ದಳಂತೆ.

ಊಟವಾದ ಮೇಲೆ ಮಗಳು ಕೇಳಿದಳು: "ಆ ಹಾಳೆ ಎಲ್ಲಿದೆ ಅಮ್ಮ?"

ನಿವೃತ್ತಿಯ ದಿನ ಡ್ರಾಯರು ಖಾಲಿ ಮಾಡುವಾಗ ಅದನ್ನು ತಂದಿದ್ದೆ. ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ಗುಂಡುಸೂಜಿಯ ಜಾಗದಲ್ಲಿ ಎರಡು ತುಕ್ಕಿನ ಚುಕ್ಕೆ. ಮಗಳು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು:

"ಪಂಪಿನ ಹಿಡಿ ಮುರಿದು ಮೂರು ತಿಂಗಳಾಯಿತು. ಹೆಂಗಸರು ಕೆರೆಯ ನೀರು ತರುತ್ತಿದ್ದಾರೆ. ನಾಲ್ಕು ಮಕ್ಕಳಿಗೆ ಭೇದಿ ಶುರುವಾಗಿದೆ. ಈ ವಿಷಯ ಬರೆಯಲು ಪಟ್ಟಿಯಲ್ಲಿ ಜಾಗ ಇಲ್ಲದ್ದರಿಂದ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಕ್ಷಮಿಸಬೇಕು."